ಎರಡು ಹೊಸ ಬ್ಯಾಟರಿ ಹಾಕಿದರೂ ಬೋಟು ಸ್ಟಾರ್ಟ್ ಆಗುತ್ತಿಲ್ಲ

ಪ್ರಶ್ನೆ: ನಮಸ್ಕಾರ ಸಾರ್. ತುಮರಿ ಹತ್ತಿರ ಶರಾವತಿ ಹಿನ್ನೀರಿನ ದಂಡೆಯಲ್ಲಿ ನಮ್ಮದೊಂದು ಸಣ್ಣ ಹೋಂಸ್ಟೇ ಇದೆ. ಸುತ್ತಾಡಲು 40 ಎಚ್‌ಪಿ ಔಟ್‌ಬೋರ್ಡ್ ಎಂಜಿನ್ನಿನ ಫೈಬರ್ ಬೋಟು ಇಟ್ಟುಕೊಂಡಿದ್ದೇವೆ. ನಾಲ್ಕು ದಿನ ನಿಲ್ಲಿಸಿದರೆ ಸಾಕು, ಸೆಲ್ಫ್ ಹೊಡೆಯುವುದಿಲ್ಲ, ಬರೀ ಟಕ್ ಟಕ್ ಅನ್ನುತ್ತದೆ. ಒಂದೂವರೆ ವರ್ಷದಲ್ಲಿ 60 ಆಂಪಿಯರ್-ಅವರ್‌ನ ಎರಡು ಹೊಸ ಬ್ಯಾಟರಿ ಹಾಕಿದೆ. ಈ ಸಲ ಇನ್ನೂ ದೊಡ್ಡದು ಹಾಕಲೇ?

ಉತ್ತರ: ಬೇಡ, ಆ ದುಡ್ಡು ಸದ್ಯಕ್ಕೆ ನಿಮ್ಮ ಹತ್ತಿರವೇ ಇರಲಿ. ಎರಡು ಬ್ಯಾಟರಿಯೂ ಒಂದೇ ಥರ ಸತ್ತಿವೆ ಅಂದರೆ ತಪ್ಪು ಬೇರೆ ಕಡೆ ಇರುವ ಸಾಧ್ಯತೆಯೇ ಜಾಸ್ತಿ.

ಮೊದಲು ಒಂದು ಡಿಜಿಟಲ್ ಮಲ್ಟಿಮೀಟರ್ ತಗೊಳ್ಳಿ. ಬ್ಯಾಟರಿ ಬಿಚ್ಚಿ ಮನೆಗೆ ತಂದು ಫುಲ್ ಚಾರ್ಜ್ ಮಾಡಿ, ಒಂದು ರಾತ್ರಿ ಸುಮ್ನೆ ಬಿಡಿ. ಬೆಳಿಗ್ಗೆ 12.6 ವೋಲ್ಟ್ ಆಸುಪಾಸು ತೋರಿಸಿದರೆ ಸರಿ. 12.2 ಅಂದರೆ ಅರ್ಧ ಖಾಲಿ. 10.5ರ ಹತ್ತಿರವೇ ನಿಂತರೆ ಒಂದು ಸೆಲ್ ಹೋಗಿದೆ, ಆಗ ಮಾತ್ರ ಬ್ಯಾಟರಿಯದ್ದೇ ತಪ್ಪು.

ಬ್ಯಾಟರಿ ಚೆನ್ನಾಗಿದ್ದೂ ಟಕ್ ಟಕ್ ಅಂದರೆ ವೈರ್ ನೋಡಬೇಕು. ಸಾಗರದ ಕಡೆಯ ಒಂದು ಬೋಟಿನಲ್ಲಿ ನನಗೆ ಇದೇ ಆಗಿತ್ತು. ಬ್ಯಾಟರಿ 12.7, ಟರ್ಮಿನಲ್ ಫಳಫಳ ಹೊಳೆಯುತ್ತಿತ್ತು, ಆದರೆ ಸೆಲ್ಫ್ ಇಲ್ಲ. ನಾಲ್ಕೈದು ಸಲ ಕೀ ತಿರುಗಿಸಿ ದಪ್ಪ ಕೇಬಲ್ ಮುಟ್ಟಿ ನೋಡಿದೆ. ತುದಿ ಬೆಚ್ಚಗಿತ್ತು. ಮೀಟರಿನ ಒಂದು ಕಡ್ಡಿಯನ್ನು ಬ್ಯಾಟರಿಯ ಸೀಸದ ಕಂಬಕ್ಕೆ, ಇನ್ನೊಂದನ್ನು ಅದೇ ಕೇಬಲ್ಲಿನ ಸ್ಟಾರ್ಟರ್ ತುದಿಗೆ ಹಿಡಿದು ಕೀ ತಿರುಗಿಸಲು ಹೇಳಿದೆ. ಅರ್ಧ ವೋಲ್ಟಿಗಿಂತ ಜಾಸ್ತಿ ಬರಬಾರದು. ಅಲ್ಲಿ 1.8 ಬಂತು. ರಬ್ಬರು ಸೀಳಿ ನೋಡಿದರೆ ಒಳಗಿನ ತಾಮ್ರದ ಎಳೆಗಳು ಕಪ್ಪಾಗಿದ್ದವು. ಕೇಬಲ್ ತುದಿಯ ಲೋಹದ ಬಳೆ, ಅಂದರೆ ಲಗ್ಗಿನ ಬುಡದಲ್ಲಿ ಹಸಿರು ಪುಡಿ, ಉಗುರಲ್ಲಿ ಕೆರೆದರೆ ಉದುರುತ್ತಿತ್ತು. ನಮ್ಮದು ಸಿಹಿನೀರು, ತುಕ್ಕಿನ ಭಯವಿಲ್ಲ ಅಂತ ತುಂಬಾ ಜನ ನಂಬಿದ್ದಾರೆ. ಆದರೆ ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ನಮ್ಮ ಗಾಳಿಯೇ ಒದ್ದೆ, ಅಲ್ವಾ? ಆ ಥಂಡಿ ರಬ್ಬರಿನೊಳಗೆ ಹೋಗಿ ಕೂರುತ್ತದೆ. ನೆಗೆಟಿವ್ ಕೇಬಲ್ಲಿಗೂ ಹೀಗೇ ಪರೀಕ್ಷೆ ಮಾಡಿ, ಅದನ್ನು ಎಲ್ಲರೂ ಮರೆಯುತ್ತಾರೆ. ಟರ್ಮಿನಲ್ಲಿಗೆ ಕೈಯಲ್ಲೇ ತಿರುಗಿಸುವ ರೆಕ್ಕೆ ನಟ್ಟು ಇದ್ದರೆ ತೆಗೆದುಬಿಡಿ. ಎಂಜಿನ್ ಅದುರುವಿಕೆಗೆ ಅವು ಸಡಿಲವಾಗುತ್ತವೆ. ಲಾಕ್ ನಟ್ಟು ಹಾಕಿ ಬಿಗಿ ಮಾಡಿ, ಮೇಲೆ ವ್ಯಾಸಲೀನ್ ಸವರಿ.

ಆದರೆ ನಿಮ್ಮ ಪತ್ರದಲ್ಲಿ ನನ್ನ ಕಣ್ಣಿಗೆ ಬಿದ್ದದ್ದು ‘ನಾಲ್ಕು ದಿನ’. ನಿಂತ ಬೋಟಿನಲ್ಲಿ ಏನೋ ಕರೆಂಟ್ ಕುಡಿಯುತ್ತಿದೆ. ಮೇನ್ ಸ್ವಿಚ್ ಆಫ್ ಮಾಡಿದ್ದೆ ಸಾರ್ ಅನ್ನಬಹುದು. ಬೋಟಿನ ತಳದ ನೀರು ಎತ್ತುವ ಬಿಲ್ಜ್ ಪಂಪಿನ ವೈರು ಆ ಸ್ವಿಚ್ಚಿಗೆ ಬರದೆ ನೇರ ಬ್ಯಾಟರಿಗೇ ಹೋಗಿರುತ್ತದೆ. ಹಾಗೇ ಇರಬೇಕು, ಇಲ್ಲದಿದ್ದರೆ ರಾತ್ರಿ ಮಳೆಗೆ ಬೋಟು ಮುಳುಗೀತು. ನೀರು ಏರಿದಾಗ ತೇಲಿ ಪಂಪನ್ನು ಆನ್ ಮಾಡುವ ಫ್ಲೋಟ್ ಕೆಳಗೆ ಎಲೆ, ಕಸ ಸಿಕ್ಕಿ ಅದು ಎತ್ತಿಕೊಂಡೇ ಉಳಿದರೆ ಪಂಪು ನಿಲ್ಲುವುದಿಲ್ಲ. 3 ಆಂಪಿಯರ್ ಎಳೆಯುವ ಪಂಪು 60ರ ಬ್ಯಾಟರಿಯನ್ನು 20 ಗಂಟೆಯಲ್ಲಿ ಬರಿದು ಮಾಡುತ್ತದೆ. ಫ್ಲೋಟನ್ನು ಕೈಯಲ್ಲಿ ಎತ್ತಿ ಬಿಡಿ. ಬಿಟ್ಟ ತಕ್ಷಣ ಪಂಪು ನಿಲ್ಲಬೇಕು. ಪುನರ್ವಸು, ಪುಷ್ಯ ಮಳೆಯಲ್ಲಂತೂ ಫ್ಲೋಟ್ ಸರಿಯಿದ್ದರೂ ಪಂಪಿಗೆ ಬಿಡುವಿರುವುದಿಲ್ಲ. ಬೋಟಿಗೆ ಇಳಿಜಾರಾಗಿ ಟಾರ್ಪಾಲು ಕಟ್ಟಿ.

ಪಂಪು ಸರಿಯಿದ್ದರೆ ಎಲ್ಲ ಆಫ್ ಮಾಡಿ, ನೆಗೆಟಿವ್ ಕೇಬಲ್ ಬಿಚ್ಚಿ, ಮೀಟರಿನ ಕೆಂಪು ವೈರನ್ನು 10 ಆಂಪಿಯರ್ ತೂತಿಗೆ ಹಾಕಿ, ಕೇಬಲ್ಲಿಗೂ ಕಂಬಕ್ಕೂ ನಡುವೆ ಮೀಟರ್ ಹಿಡಿದು ನೋಡಿ. ಆಗ ಕೀ ಮುಟ್ಟಬೇಡಿ, ಮೀಟರ್ ಸುಟ್ಟೀತು. 0.02, 0.03 ಪರವಾಗಿಲ್ಲ. ಅರ್ಧ ಆಂಪಿಯರ್ ತೋರಿಸಿದರೆ ಒಂದೊಂದೇ ಫ್ಯೂಸ್ ತೆಗೆಯುತ್ತಾ ಹೋಗಿ. ಯಾವುದನ್ನು ತೆಗೆದಾಗ ಇಳಿಯಿತೋ ಕಳ್ಳ ಆ ವೈರಿನಲ್ಲಿದ್ದಾನೆ.

ಚಾರ್ಜಿಂಗ್ ಕೂಡ ನೋಡಿ. ಎಂಜಿನ್ನಿಗೆ ವೇಗ ಕೊಟ್ಟಾಗ ಬ್ಯಾಟರಿಯಲ್ಲಿ 13.8ರಿಂದ 14.5 ವೋಲ್ಟ್ ಬರಬೇಕು. ಏರದೇ ಹೋದರೆ ಫ್ಯೂಸ್ ಅಥವಾ ಎಂಜಿನ್ನಿನ ಕರೆಂಟನ್ನು ಬ್ಯಾಟರಿಗೆ ಒಗ್ಗುವಂತೆ ಬದಲಿಸುವ ರೆಕ್ಟಿಫೈಯರ್ ಹೋಗಿರಬಹುದು. 15 ದಾಟಿದರೆ ವೋಲ್ಟನ್ನು ಹತೋಟಿಯಲ್ಲಿಡುವ ರೆಗ್ಯುಲೇಟರ್ ಕೆಟ್ಟು ಬ್ಯಾಟರಿ ಬೇಯುತ್ತಿದೆ ಅಂತ ಅರ್ಥ. ಎಲ್ಲ ಸರಿಯಿದ್ದರೂ ನಿಧಾನ ಓಡಿಸಿದರೆ ಇಂಥ ಎಂಜಿನ್ ಹೆಚ್ಚು ಚಾರ್ಜ್ ಕೊಡುವುದಿಲ್ಲ. ಹಕ್ಕಿ ನೋಡುತ್ತಾ, ಹಾಡು ಹಾಕಿಕೊಂಡು ಮೆಲ್ಲಗೆ ಒಂದು ಗಂಟೆ ಸುತ್ತಿದರೆ ತುಂಬಿದ್ದಕ್ಕಿಂತ ಖರ್ಚಾದದ್ದೇ ಹೆಚ್ಚು. ವಾರಕ್ಕೊಮ್ಮೆ ಮನೆಯ ಚಾರ್ಜರಿಗೆ ಹಾಕಲೇಬೇಕು. 60ರ ಬ್ಯಾಟರಿಗೆ 6 ಆಂಪಿಯರ್ ಸಾಕು. ಗಾಳಿಯಾಡುವ ಕಡೆ ಇಡಿ, ಹತ್ತಿರ ಬೀಡಿ, ಒಲೆ ಬೇಡ. ಇನ್ನೊಂದು ಮಾತು, ಎಂಜಿನ್ ಓಡುತ್ತಿರುವಾಗ ಬ್ಯಾಟರಿ ವೈರ್ ಯಾವತ್ತೂ ಬಿಚ್ಚಬೇಡಿ. ರೆಕ್ಟಿಫೈಯರ್ ಆ ಕ್ಷಣದಲ್ಲೇ ಹೋಗಬಹುದು.

ಬೇಸಿಗೆಯಲ್ಲಿ ಹಿನ್ನೀರು ಇಳಿದು, ಲಿಂಗನಮಕ್ಕಿ ಕಟ್ಟುವಾಗ ಮುಳುಗಿದ ಕಾಡಿನ ಬೊಡ್ಡೆಗಳು ಮೇಲೆದ್ದಿರುತ್ತವೆ. ಕತ್ತಲಾದ ಮೇಲೆ ಅವುಗಳ ನಡುವೆ ಸೆಲ್ಫೂ ಇಲ್ಲದೆ, ಲೈಟೂ ಇಲ್ಲದೆ ಸಿಕ್ಕಿಕೊಂಡವರನ್ನು ನಾನು ಕಂಡಿದ್ದೇನೆ. ಜೊತೆಗೆ ಮಕ್ಕಳಿದ್ದರು. ಇದೆಲ್ಲ ಸರಿಯಾಗುವವರೆಗೆ ನೆಂಟರನ್ನು ಕೂರಿಸಿಕೊಂಡು ದೂರ ಹೋಗಬೇಡಿ. ಮೀಟರಿನ ರೀಡಿಂಗ್‌ಗಳನ್ನು ಬರೆದು ಕಳಿಸಿ, ಮುಂದಿನದನ್ನು ಹೇಳುತ್ತೇನೆ.

ಪ್ರಶ್ನೆ: ಡಿಸ್ಟಿಲ್ಡ್ ವಾಟರ್ ಬದಲು ಬ್ಯಾಟರಿಗೆ ಮಳೆನೀರು ಹಾಕಬಹುದೇ? (ಹೊಸನಗರದಿಂದ)

ಉತ್ತರ: ಹಾಕಬೇಡಿ. ಹೆಂಚಿನ ಮೇಲಿಂದ ಬರುವ ನೀರಿನಲ್ಲಿ ಧೂಳು, ಪಾಚಿ ಎಲ್ಲ ಇರುತ್ತದೆ. ಬಾವಿ ನೀರೂ ಬೇಡ, ಅದರ ಖನಿಜ ಬ್ಯಾಟರಿಯೊಳಗಿನ ಸೀಸದ ಪ್ಲೇಟಿಗೆ ಕೆಟ್ಟದ್ದು. ಡಿಸ್ಟಿಲ್ಡ್ ವಾಟರ್ ಪೆಟ್ರೋಲ್ ಬಂಕಿನಲ್ಲೂ ಸಿಗುತ್ತದೆ. ಪ್ಲೇಟು ಮುಳುಗಿದ್ದರೆ ಮೊದಲು ಚಾರ್ಜ್ ಮಾಡಿ, ಆಮೇಲೆ ಗುರುತಿನವರೆಗೆ ತುಂಬಿಸಿ.