ಮತ್ತೆ ಮೊದಲಿಂದ: ಓದುಗರ ಪ್ರಶ್ನೆ, ನಮ್ಮ ಉತ್ತರ

ಪ್ರಶ್ನೆ: ನಮ್ಮ ವಿಭಾಗದ ತಿಂಗಳ ವರದಿಯನ್ನು ಒಂದು ಹಳೆಯ ಎಕ್ಸೆಲ್ ಫೈಲಿನಿಂದ ತೆಗೆಯುತ್ತೇವೆ. ಕೈಯಿಂದ ಕೈಗೆ ದಾಟಿ ಬಂದ ಅದರಲ್ಲಿ ಈಗ 14 ಶೀಟ್‌ಗಳಿವೆ. ಯಾವುದು ಯಾಕಿದೆ ಎಂದು ಯಾರಿಗೂ ಗೊತ್ತಿಲ್ಲ. ತೇಪೆ ಹಾಕುತ್ತಲೇ ಹೋಗಬೇಕೆ, ಎಲ್ಲ ಬಿಟ್ಟು ಹೊಸದಾಗಿ ಮಾಡಬೇಕೆ?

ಉತ್ತರ: ಹೊಸದಾಗಿ ಮಾಡಿ. ಆದರೆ ಹಳೆಯದನ್ನು ಅಳಿಸಬೇಡಿ. ಆ 14 ಶೀಟ್‌ಗಳಲ್ಲಿ ಕೆಲವಾದರೂ ಯಾವತ್ತೋ ಸಿಕ್ಕಿಬಿದ್ದ ತಪ್ಪಿಗೆ ಯಾರೋ ಹುಡುಕಿದ ಪರಿಹಾರ ಆಗಿರುತ್ತವೆ. ಒಟ್ಟಿಗೆ ಕಿತ್ತುಹಾಕಿದರೆ ಆ ತಪ್ಪುಗಳೆಲ್ಲ ಒಂದೊಂದಾಗಿ ವಾಪಸ್ ಬರುತ್ತವೆ.

ಮೊದಲು ಫೈಲಿನ ಒಂದು ಪ್ರತಿ ತೆಗೆದು, ಹೆಸರಿನಲ್ಲಿ ತಾರೀಖು ಸೇರಿಸಿ, ಯಾರೂ ತಿದ್ದಲಾಗದಂತೆ ಇಟ್ಟುಬಿಡಿ. ಆಮೇಲೆ ಕಂಪ್ಯೂಟರ್ ಬಿಟ್ಟು ಖಾಲಿ ಹಾಳೆಯೊಂದಿಗೆ ಅರ್ಧ ಗಂಟೆ ಕೂತುಕೊಳ್ಳಿ. ವರದಿಯನ್ನು ಯಾರು ಓದುತ್ತಾರೆ, ಓದಿ ಏನು ತೀರ್ಮಾನ ಮಾಡುತ್ತಾರೆ, ಅದಕ್ಕೆ ಯಾವ ಅಂಕಿಗಳು ಬೇಕು, ಇಷ್ಟನ್ನೇ ಬರೆಯಿರಿ. ಹಳೆಯ ಫೈಲನ್ನು ಈ ಹೊತ್ತಿನಲ್ಲಿ ತೆರೆಯಲೇಬಾರದು.

ಯಾಕೆ ತೆರೆಯಬಾರದು? ಮನೋವಿಜ್ಞಾನಿ ಅಬ್ರಹಾಂ ಲೂಚಿನ್ಸ್ 1942ರಲ್ಲಿ ಪ್ರಕಟಿಸಿದ ನೀರಿನ ಲೆಕ್ಕಗಳನ್ನು ನೋಡಿ. ಮೂರು ಪಾತ್ರೆಗಳ ಅಳತೆ 21, 127 ಮತ್ತು 3, ಬೇಕಾದದ್ದು 100. ದೊಡ್ಡದನ್ನು ತುಂಬಿಸಿ, ಅದರಿಂದ 21ರ ಪಾತ್ರೆಗೆ ಒಂದು ಸಲ, 3ರ ಪಾತ್ರೆಗೆ ಎರಡು ಸಲ ಸುರಿದರೆ 100 ಉಳಿಯುತ್ತದೆ. ಇದೇ ದಾರಿಯಲ್ಲಿ ಬಿಡಿಸುವ ಲೆಕ್ಕಗಳನ್ನು ಒಂದರ ಮೇಲೊಂದು ಕೊಟ್ಟು, ಕೊನೆಗೆ 23, 49 ಮತ್ತು 3ರಿಂದ 20 ತೆಗೆಯಲು ಹೇಳಿದರು. 23ರಿಂದ 3 ಕಳೆದರೆ ಮುಗಿಯಿತು. ಆದರೂ ಹೆಚ್ಚಿನವರು 49ರಿಂದಲೇ ಶುರು ಮಾಡಿ ಸುತ್ತಿ ಬಳಸಿ ಬಂದರು. ಹಿಂದಿನ ಲೆಕ್ಕಗಳನ್ನು ಮಾಡಿರದವರಿಗೆ ಹತ್ತಿರದ ದಾರಿ ಸಲೀಸಾಗಿ ಕಂಡಿತು. ಹಳೆಯ ಫೈಲು ಕಣ್ಣೆದುರಿಗಿದ್ದರೆ ನಿಮ್ಮ ಕೈಯೂ 49ರ ಕಡೆಗೇ ಹೋಗುತ್ತದೆ.

ಹಾಳೆಯಲ್ಲಿ ಬರೆದ ಅಂಕಿಗಳಿಗಷ್ಟೇ ಹೊಸ ಶೀಟ್ ಕಟ್ಟಿ. ಅದಾದ ಮೇಲೆ ಹಳೆಯದನ್ನು ತೆರೆದು ಒಂದೊಂದು ಶೀಟಿಗೂ ಕೇಳಿ: ಇದು ಇಲ್ಲದಿದ್ದರೆ ಯಾವ ಅಂಕಿ ಬದಲಾಗುತ್ತದೆ? ಉತ್ತರ ಸಿಕ್ಕಿದ್ದನ್ನು ಹೊಸದಕ್ಕೆ ಸೇರಿಸಿ, ಸಿಗದ್ದನ್ನು ಹೊರಗಿಡಿ. ಮೂರು ತಿಂಗಳು ಎರಡನ್ನೂ ಜೊತೆಜೊತೆಗೆ ಓಡಿಸಿ. ಅದರೊಳಗೆ ಒಂದು ತ್ರೈಮಾಸಿಕದ ಕೊನೆ ಬರುವಂತೆ ನೋಡಿಕೊಳ್ಳಿ, ಅಪರೂಪದ ನಮೂದುಗಳು ಕಾಣಿಸಿಕೊಳ್ಳುವುದು ಅಲ್ಲೇ. ಮೊತ್ತ ತಾಳೆಯಾಗದಿದ್ದರೆ ಹಳೆಯದರಲ್ಲಿ ತಪ್ಪಿದೆ, ಇಲ್ಲವೇ ಹೊಸದು ಒಂದು ನಿಯಮವನ್ನು ಬಿಟ್ಟಿದೆ. ಎರಡರಲ್ಲಿ ಯಾವುದೆಂದು ತಿಳಿಯುವ ತನಕ ಮುಂದೆ ಹೋಗಬೇಡಿ.

ಈ ಕೆಲಸ ಹೆಚ್ಚಾಗಿ ಕೆಡುವುದು ಆಸೆಯಿಂದ. ‘ಹೇಗೂ ಹೊಸದಾಗಿ ಮಾಡುತ್ತಿದ್ದೇವೆ, ಇದೂ ಇರಲಿ’ ಎಂದು ತುರುಕುತ್ತಾ ಹೋದರೆ ಹೊಸದು ಹಳೆಯದಕ್ಕಿಂತ ದಪ್ಪವಾಗುತ್ತದೆ. ಸಾಫ್ಟ್‌ವೇರ್ ಕಟ್ಟುವವರಿಗೆ ಫ್ರೆಡ್ ಬ್ರೂಕ್ಸ್ 1975ರಲ್ಲೇ ಈ ಎಚ್ಚರಿಕೆ ಕೊಟ್ಟಿದ್ದರು. ಹೊಸ ಬೇಡಿಕೆಗಳನ್ನು ಬೇರೆ ಪಟ್ಟಿಯಲ್ಲಿಡಿ. ಎರಡೂ ಫೈಲು ತಾಳೆಯಾಗುವವರೆಗೆ ಅದರಿಂದ ಒಂದನ್ನೂ ತೆಗೆದುಕೊಳ್ಳಬೇಡಿ.

ಮುಂದಿನ ಖಾಲಿ ಹಾಳೆಗೆ ಈಗಲೇ ಕ್ಯಾಲೆಂಡರಿನಲ್ಲಿ ದಿನ ಗುರುತು ಹಾಕಿ, ವರ್ಷಕ್ಕೊಮ್ಮೆ. ವರ್ಷದ ಕಸ ಒಂದು ದಿನದಲ್ಲಿ ಹೋಗುತ್ತದೆ. ಎಂಟು ವರ್ಷದ್ದಕ್ಕೆ ತಿಂಗಳುಗಟ್ಟಲೆ ಬೇಕು, ಅಷ್ಟು ಹೊತ್ತಿಗೆ ಕೈ ಹಾಕುವ ಧೈರ್ಯವೂ ಉಳಿದಿರುವುದಿಲ್ಲ.

ಪ್ರಶ್ನೆ: ದಿನಾ ಬೆಳಗ್ಗೆ ಓದಬೇಕೆಂದು ಶುರು ಮಾಡುತ್ತೇನೆ, ಹತ್ತು ಹನ್ನೆರಡು ದಿನಕ್ಕೆ ತಪ್ಪುತ್ತದೆ. ಮತ್ತೆ ಒಂದನೇ ತಾರೀಖಿಗೆ ಕಾಯುತ್ತೇನೆ. ಹೀಗೆ ಪದೇ ಪದೇ ಶುರು ಮಾಡುವುದರಲ್ಲಿ ಅರ್ಥವಿದೆಯೇ?

ಉತ್ತರ: ಶುರು ಮಾಡುವುದರಲ್ಲಿ ಖಂಡಿತ ಅರ್ಥವಿದೆ. ನಿಮ್ಮನ್ನು ಹಿಂದೆ ಹಾಕುತ್ತಿರುವುದು ನಡುವಿನ ಕಾಯುವಿಕೆ. ಹೊಸ ತಾರೀಖಿಗೆ ಶಕ್ತಿಯಿದೆ ಎಂಬುದೇನೋ ನಿಜ. ಹೆಂಗ್‌ಚೆನ್ ಡಾಯ್, ಕ್ಯಾಥರೀನ್ ಮಿಲ್ಕ್‌ಮನ್ ಮತ್ತು ಜೇಸನ್ ರೀಸ್ 2014ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ ವಾರ, ತಿಂಗಳು, ವರ್ಷದ ಆರಂಭದಲ್ಲಿ ಜಿಮ್‌ಗೆ ಬರುವವರು ಹೆಚ್ಚಾಗುವುದು ಕಂಡಿತು. ತಿಂಗಳಿಗೊಂದೇ ಒಂದನೇ ತಾರೀಖು, ಸೋಮವಾರಗಳು ಕನಿಷ್ಠ ನಾಲ್ಕು. ಅವನ್ನೂ ಬಳಸಿಕೊಳ್ಳಿ.

ಆದರೆ ಒಂದು ದಿನ ತಪ್ಪಿತೆಂದು ಲೆಕ್ಕವನ್ನು ಸೊನ್ನೆಗೆ ಇಳಿಸಬೇಡಿ. ಫಿಲಿಪಾ ಲ್ಯಾಲಿ ಮತ್ತು ಸಂಗಡಿಗರು 96 ಜನರ ಮೇಲೆ ಮಾಡಿದ ಅಧ್ಯಯನ 2010ರಲ್ಲಿ ಅಚ್ಚಾಯಿತು. ಅಭ್ಯಾಸ ಕೂರಲು ಹಿಡಿದ ಮಧ್ಯಮ ಅವಧಿ 66 ದಿನ. ಅಂದಾಜು 18ರಿಂದ 254 ದಿನಗಳವರೆಗೂ ಹರಡಿತ್ತು. ನಡುವೆ ಒಂದು ದಿನ ತಪ್ಪಿದ್ದರಿಂದ ಹೇಳಿಕೊಳ್ಳುವಂಥ ನಷ್ಟ ಆಗಲಿಲ್ಲ. ಹನ್ನೆರಡನೇ ದಿನಕ್ಕೆ ನೀವು ಸೋತಿಲ್ಲ, ಇನ್ನೂ ದಾರಿಯಲ್ಲಿದ್ದೀರಿ.

ತಪ್ಪಿದ ದಿನ ಒಂದು ಸಾಲು ಬರೆದಿಡಿ: ಯಾವುದು ಅಡ್ಡ ಬಂತು. ಮರುದಿನ ಐದೇ ನಿಮಿಷ, ಒಂದೇ ಪುಟ ಓದಿ; ಬಿಟ್ಟುಹೋದದ್ದನ್ನು ತುಂಬಿಸಲು ಹೋಗಬೇಡಿ, ಆ ಭಾರಕ್ಕೇ ಎರಡನೇ ದಿನವೂ ತಪ್ಪುತ್ತದೆ. ಒಂದೇ ಕಾರಣ ಮೂರು ಸಲ ಬಂದರೆ ನಿಮ್ಮ ಛಲವನ್ನು ದೂರಬೇಡಿ, ಹೊತ್ತು ಬದಲಿಸಿ. ‘ಬೆಳಗ್ಗೆ ಓದುತ್ತೇನೆ’ ಎನ್ನುವುದಕ್ಕಿಂತ ‘ಹಲ್ಲುಜ್ಜಿದ ತಕ್ಷಣ ಈ ಕುರ್ಚಿಯಲ್ಲಿ ಕೂತು ಓದುತ್ತೇನೆ’ ಎಂಬ ನಿರ್ಧಾರ ಗಟ್ಟಿ, ಏಕೆಂದರೆ ಶುರು ಮಾಡಿಸುವ ಗುರುತು ಅದರೊಳಗೇ ಇದೆ. ಇನ್ನು, ಚೆನ್ನಾಗಿ ನಡೆಯುತ್ತಿರುವ ಅಭ್ಯಾಸವನ್ನು ಹೊಸ ವರ್ಷ ಬಂತೆಂದು ನಿಲ್ಲಿಸಿ ಮತ್ತೆ ಶುರು ಮಾಡುವುದು ಬೇಡ. ಓಡುತ್ತಿರುವುದು ಓಡಲಿ.

ಪ್ರಶ್ನೆ: ಇಪ್ಪತ್ತು ವರ್ಷ ಒಂದೇ ವೃತ್ತಿ. ಬೇರೆಯದಕ್ಕೆ ಹೋಗುವ ಮನಸ್ಸಿದೆ, ಆದರೆ ಇಷ್ಟು ವರ್ಷ ವ್ಯರ್ಥವಾಗುತ್ತದಲ್ಲ ಎಂಬ ಸಂಕಟ.

ಉತ್ತರ: ಕಳೆದ ಇಪ್ಪತ್ತು ವರ್ಷ ನೀವು ಇದ್ದರೂ ಹೋದರೂ ವಾಪಸ್ ಬರುವುದಿಲ್ಲ, ಹಾಗಾಗಿ ತೀರ್ಮಾನದ ಲೆಕ್ಕಕ್ಕೆ ಅವನ್ನು ತರಬೇಡಿ. ಜೊತೆಗೆ ಬರುವುದು, ಇಲ್ಲೇ ಉಳಿಯುವುದು ಎಂದು ಎರಡು ಕಾಲಂ ಬರೆಯಿರಿ. ಜನರೊಂದಿಗೆ ವ್ಯವಹರಿಸುವ ರೀತಿ, ಅಂದಾಜು ಹಾಕುವ ಕಣ್ಣು ಮೊದಲನೆಯದಕ್ಕೆ; ಹುದ್ದೆ, ಹಿರಿತನ ಎರಡನೆಯದಕ್ಕೆ. ಬಳಿಕ ಹೊಸ ವೃತ್ತಿಯ ಅತಿ ಬೇಸರದ ಭಾಗ ಯಾವುದೆಂದು ಅದರಲ್ಲಿರುವವರನ್ನೇ ಕೇಳಿ, ರಾಜೀನಾಮೆ ಬರೆಯುವ ಮುಂಚೆ 20 ಗಂಟೆ ಅದನ್ನೇ ಮಾಡಿ ನೋಡಿ. ಅಷ್ಟಾದ ಮೇಲೂ ಮನಸ್ಸು ಅತ್ತಲೇ ಎಳೆದರೆ ಹೊರಡಿ.