ಅಮ್ಮನನ್ನು ಆರೈಕೆ ಕೇಂದ್ರಕ್ಕೆ ಸೇರಿಸಿದರೆ ಖರ್ಚಿನ ಲೆಕ್ಕ ಹೇಗೆ ಹಾಕಬೇಕು?

ನೀವು ಬರೆದಿರುವ ಪ್ರಕಾರ ತಾಯಿಗೆ 76 ವರ್ಷ, ಪಾರ್ಶ್ವವಾಯುವಿನಿಂದ ಬಲಭಾಗ ಸ್ವಾಧೀನದಲ್ಲಿಲ್ಲ. ಬೆಂಗಳೂರಿನ ಆರೈಕೆ ಕೇಂದ್ರದವರು ತಿಂಗಳಿಗೆ 45,000 ರೂಪಾಯಿ ಹೇಳಿದ್ದಾರೆ. ಅಮ್ಮನಿಗೆ 22,000 ಫ್ಯಾಮಿಲಿ ಪೆನ್ಷನ್, ಬ್ಯಾಂಕಿನಲ್ಲಿ 30 ಲಕ್ಷ ಠೇವಣಿ, ಹಾಸನದಲ್ಲಿ ಸ್ವಂತ ಮನೆ ಇದೆ. ನಮ್ಮ ಅತ್ತೆಯವರು ಪಾರ್ಕಿನ್‌ಸನ್‌ನಿಂದ ಹಾಸಿಗೆ ಹಿಡಿದಾಗ ಕೆಲವು ವರ್ಷ ಇಂಥದ್ದೇ ಕೇಂದ್ರದಲ್ಲಿದ್ದರು. ದುಡ್ಡಿನ ಲೆಕ್ಕವೆಲ್ಲ ನಾನೇ ನೋಡಿಕೊಳ್ಳುತ್ತಿದ್ದೆ. ಆ ಅನುಭವದಿಂದ ಬರೆಯುತ್ತಿದ್ದೇನೆ.

ಮೊದಲು ವಿಮೆಯ ವಿಷಯ. ಆರೋಗ್ಯ ವಿಮೆ ಈ ಖರ್ಚನ್ನು ಕೊಡುವುದಿಲ್ಲ. ವಿಮಾ ಕಂಪನಿಗಳ ನಿಯಂತ್ರಣ ಸಂಸ್ಥೆಯಾದ ಐಆರ್‌ಡಿಎಐ ಎಲ್ಲ ಕಂಪನಿಗಳಿಗೂ ಏಕರೂಪವಾಗಿ ಗೊತ್ತುಮಾಡಿರುವ ಹೊರಗಿಡುವಿಕೆಗಳ (ವಿಮೆ ಕೊಡದ ಖರ್ಚುಗಳ) ಪಟ್ಟಿಯಲ್ಲಿ 05ನೆಯದನ್ನು ಓದಿ. ಸ್ನಾನ ಮಾಡಿಸುವುದು, ಬಟ್ಟೆ ಹಾಕುವುದು, ಓಡಾಡಲು ಹಿಡಿದುಕೊಳ್ಳುವುದು, ಇವನ್ನು ನರ್ಸ್ ಮಾಡಲಿ, ಆಯಾ ಮಾಡಲಿ, ಮನೆಯಲ್ಲೇ ಆಗಲಿ, ಕೇಂದ್ರದಲ್ಲೇ ಆಗಲಿ, ವಿಮೆಗೆ ಬರುವುದಿಲ್ಲ ಎಂದು ಅಲ್ಲಿ ಸ್ಪಷ್ಟವಾಗಿದೆ. 70 ದಾಟಿದವರಿಗೆ 2024ರಲ್ಲಿ ವಿಸ್ತರಿಸಿದ ಆಯುಷ್ಮಾನ್ ಭಾರತ್‌ನ 5 ಲಕ್ಷವೂ ಆಸ್ಪತ್ರೆಗೆ ದಾಖಲಾಗಿ ಪಡೆಯುವ ಚಿಕಿತ್ಸೆಗೆ ಮಾತ್ರ. ಹಾಗೆಂದು ಇರುವ ಪಾಲಿಸಿಯನ್ನು ಬಿಡಬೇಡಿ. ನ್ಯುಮೋನಿಯಾ ಆಗಿ ಅಡ್ಮಿಟ್ ಮಾಡಬೇಕಾಗಿ ಬಂದರೆ ಅದೇ ಕೈಹಿಡಿಯುವುದು.

ಇನ್ನು ಆ 45,000. ಅದು ಕೋಣೆ, ಊಟ, ಆಯಾಗಳ ಕೆಲಸದ ಬಾಬ್ತು. ಅದರ ಹೊರಗೆ ಏನೇನಿದೆ ಎಂದು ಬರವಣಿಗೆಯಲ್ಲಿ ಕೇಳಿ ಪಡೆಯಿರಿ. ಡಯಾಪರ್ ಒಂದನ್ನೇ ನೋಡಿ: ಒಂದಕ್ಕೆ 40 ರೂಪಾಯಿಯಂತೆ ದಿನಕ್ಕೆ ನಾಲ್ಕೆಂದರೆ ತಿಂಗಳಿಗೆ 4,800. ಫಿಸಿಯೋಥೆರಪಿಗೆ ಸಾಮಾನ್ಯವಾಗಿ ಬೇರೆ ಬಿಲ್. ಔಷಧಿ, ರಕ್ತಪರೀಕ್ಷೆ, ಕ್ಯಾಥೆಟರ್ ಬದಲಾವಣೆ, ಬೆನ್ನು ಹುಣ್ಣಾದರೆ ಡ್ರೆಸ್ಸಿಂಗ್, ಆಂಬುಲೆನ್ಸ್ ಎಲ್ಲವೂ ಸೇರುತ್ತಾ ಹೋಗುತ್ತವೆ. ಸದ್ಯಕ್ಕೆ ತಿಂಗಳಿಗೆ 57,000 ಎಂದೇ ಹಿಡಿಯಿರಿ.

ಬಹಳ ಜನ ಕೇಳದ ಪ್ರಶ್ನೆಗಳು ಎರಡಿವೆ. ಅಮ್ಮ ಹತ್ತು ದಿನ ಆಸ್ಪತ್ರೆಯಲ್ಲಿದ್ದರೆ ಕೇಂದ್ರದ ಶುಲ್ಕ ನಿಲ್ಲುತ್ತದೆಯೇ? ನಮಗೆ ನಿಲ್ಲಲಿಲ್ಲ. ಆ ದಿನಗಳಲ್ಲಿ ಕೇಂದ್ರದ ಬಾಡಿಗೆ, ಆಸ್ಪತ್ರೆಯ ಬಿಲ್, ಪಕ್ಕದಲ್ಲಿ ಇರುವವರ ಸಂಬಳ ಮೂರನ್ನೂ ಒಟ್ಟಿಗೆ ಕಟ್ಟಿದೆವು. ಇನ್ನೊಂದು, ಈಗ ಹಿಡಿದುಕೊಂಡರೆ ನಾಲ್ಕು ಹೆಜ್ಜೆ ಇಡುವವರು ಮುಂದೆ ಪೂರ್ತಿ ಹಾಸಿಗೆ ಹಿಡಿದರೆ, ಮೂಗಿನ ನಳಿಕೆಯಲ್ಲಿ ಆಹಾರ ಕೊಡಬೇಕಾಗಿ ಬಂದರೆ ಶುಲ್ಕ ಎಷ್ಟಾಗುತ್ತದೆ? ವರ್ಷಕ್ಕೆ ಏರುವ ದರವನ್ನು ಮಾತ್ರ ಲೆಕ್ಕ ಹಾಕಿದರೆ ಸಾಲದು. 8% ಏರಿಕೆಯಲ್ಲೇ 45,000 ಐದು ವರ್ಷಕ್ಕೆ 66,000 ಆಗುತ್ತದೆ. ಅವಲಂಬನೆ ಹೆಚ್ಚಾದಾಗ ಬರುವ ಏರಿಕೆ ಅದರ ಮೇಲೆ.

ಠೇವಣಿಯಲ್ಲಿ 5 ಲಕ್ಷ ಯಾವಾಗ ಬೇಕಾದರೂ ತೆಗೆಯುವಂತೆ ಇಟ್ಟು, 25 ಲಕ್ಷವನ್ನು ಅಮ್ಮನ ಹೆಸರಿನಲ್ಲಿ ಹಿರಿಯ ನಾಗರಿಕರ ಉಳಿತಾಯ ಯೋಜನೆಗೆ ಹಾಕಬಹುದು. ಒಬ್ಬರಿಗೆ ಮಿತಿ 30 ಲಕ್ಷ. 2023ರ ಏಪ್ರಿಲ್‌ನಿಂದ ಬಂದಿರುವ 8.2% ದರದಲ್ಲಿ ಮೂರು ತಿಂಗಳಿಗೊಮ್ಮೆ 51,250, ಅಂದರೆ ತಿಂಗಳಿಗೆ ಸುಮಾರು 17,000 ಬರುತ್ತದೆ. ಪೆನ್ಷನ್ ಸೇರಿ 39,000. ಕೊರತೆ 18,000. ಹಾಸನದ ಮನೆ ಬೀಗ ಹಾಕಿ ಬಿದ್ದಿದ್ದರೆ ಬಾಡಿಗೆಗೆ ಕೊಡಿ. ಉಳಿದದ್ದನ್ನು ನೀವೂ ನಿಮ್ಮ ಅಣ್ಣನವರೂ ಹಂಚಿಕೊಳ್ಳುವುದು ಎಷ್ಟೆಷ್ಟು ಎಂದು ಈಗಲೇ ಮಾತಾಡಿ. ಅಮ್ಮನನ್ನು ವಾರವಾರ ಹೋಗಿ ನೋಡಿಕೊಳ್ಳುವವರ ದುಡಿಮೆಯನ್ನೂ ಪಾಲು ಎಂದೇ ಎಣಿಸಿ. ದಯವಿಟ್ಟು ಇದನ್ನು ಮರೆಯಬೇಡಿ, ಅಣ್ಣ ತಮ್ಮಂದಿರ ನಡುವೆ ಮನಸ್ಸು ಮುರಿಯುವುದು ಇಲ್ಲೇ.

ಮನೆಯ ಮೇಲೆ ರಿವರ್ಸ್ ಮಾರ್ಟ್‌ಗೇಜ್, ಅಂದರೆ ಮನೆ ಅಡವಿಟ್ಟು ಬ್ಯಾಂಕಿನಿಂದ ಕಂತುಕಂತಾಗಿ ಹಣ ಪಡೆಯುವ ಸಾಲ, ಮಾಡಿಸಬಹುದು ಎಂದು ಯಾರಾದರೂ ಹೇಳಿಯಾರು. ಅದಕ್ಕೆ ಹಿರಿಯರು ಆ ಮನೆಯಲ್ಲೇ ವಾಸವಾಗಿರಬೇಕು. ಹಾಗಾಗಿ ನಿಮಗೆ ಒಗ್ಗುವುದಿಲ್ಲ. ಮನೆಯನ್ನು ಮಕ್ಕಳ ಹೆಸರಿಗೆ ದಾನಪತ್ರ ಮಾಡಿಸುವ ಅವಸರವೂ ಬೇಡ. ಮಾಡಲೇಬೇಕಾದರೆ, ತಾಯಿಯನ್ನು ನೋಡಿಕೊಳ್ಳುವ ಷರತ್ತನ್ನು ಪತ್ರದಲ್ಲೇ ಬರೆಸಿ. ಷರತ್ತು ತಪ್ಪಿದರೆ ಆ ವರ್ಗಾವಣೆಯನ್ನು ರದ್ದು ಮಾಡಿಸಲು 2007ರ ಹಿರಿಯ ನಾಗರಿಕರ ಕಾಯ್ದೆಯ 23ನೇ ಸೆಕ್ಷನ್‌ನಲ್ಲಿ ದಾರಿಯಿದೆ.

ಬ್ಯಾಂಕಿನ ಕೆಲಸವನ್ನು ಮಾತ್ರ ಈ ತಿಂಗಳೇ ಮುಗಿಸಿ. ಬಲಗೈ ಆಡದಿದ್ದರೆ ಸಹಿ ಹೊಂದುವುದಿಲ್ಲ. ಸಾಕ್ಷಿಗಳ ಎದುರು ಹೆಬ್ಬೆಟ್ಟು ಒತ್ತಿ ಹಣ ತೆಗೆಯಲು ರಿಸರ್ವ್ ಬ್ಯಾಂಕ್ ಅವಕಾಶ ಕೊಟ್ಟಿದೆ, ಮ್ಯಾನೇಜರ್ ಬಳಿ ಕೇಳಿ. ಅಮ್ಮನಿಗೆ ಬುದ್ಧಿ ಸ್ಥಿಮಿತದಲ್ಲಿರುವಾಗಲೇ ಉಳಿತಾಯ ಖಾತೆಗೆ ನಿಮ್ಮಲ್ಲೊಬ್ಬರ ಹೆಸರು ಸೇರಿಸಿ. ಪವರ್ ಆಫ್ ಅಟಾರ್ನಿ (ಅಮ್ಮನ ಪರವಾಗಿ ವ್ಯವಹರಿಸಲು ಬರೆದುಕೊಡುವ ಅಧಿಕಾರಪತ್ರ) ನೆಚ್ಚಿಕೊಂಡು ಕೂರಬೇಡಿ. ಕೊಟ್ಟವರ ಮಾನಸಿಕ ಸ್ಥಿತಿ ಕೆಟ್ಟ ಮೇಲೆ ಅದು ಕಾನೂನಿನಲ್ಲಿ ನಿಲ್ಲುವುದಿಲ್ಲ. ಆಮೇಲೆ ಅವರದೇ ದುಡ್ಡನ್ನು ಅವರಿಗಾಗಿ ತೆಗೆಯಲು ಗಾರ್ಡಿಯನ್ ನೇಮಕಕ್ಕೆಂದು ಕೋರ್ಟಿಗೆ ಅಲೆಯಬೇಕಾಗುತ್ತದೆ.