ಹಳೇ ಬಿ-275 ಟ್ರ್ಯಾಕ್ಟರ್ ನಿಂತಲ್ಲೇ ತಾನಾಗೇ ರೇಸ್ ಏರಿಸ್ತದೆ, ಇಳಿಸ್ತದೆ. ಡೀಸೆಲ್ ಪಂಪ್ ಬದಲಾಯಿಸೋದಾ, ಮೆಕ್ಯಾನಿಕಲ್ ಗವರ್ನರ್ (ಇಂಜಿನ್ ವೇಗ ಹಿಡಿತದಲ್ಲಿಡೋ ಭಾಗ) ಹಾಕ್ಸೋದಾ?

ಎರಡೂ ಬೇಡ. ಪಂಪ್ ಬಿಚ್ಚಿಸೋಕೆ ಮಾತ್ರ ಈಗ್ಲೇ ಹೋಗ್ಬೇಡಿ.

ನಮ್ಮಪ್ಪನ ಕಾಲದ ಗಾಡೀನೂ ಇದೇ ಆಟ ಆಡ್ತಿತ್ತು, ಆಕ್ಸಿಲರೇಟರ್ ಮುಟ್ಟದೇನೇ ಗುರ್ ಅಂತ ಏರೋದು, ಇನ್ನೇನು ಆಫ್ ಆಯ್ತು ಅನ್ನೋವಷ್ಟರಲ್ಲಿ ಮತ್ತೆ ಏರೋದು, ಒಂದೇ ತಾಳದಲ್ಲಿ. ನಾನು ಮಂಡ್ಯ ಕಡೆಯವನು, ಕಬ್ಬು ಕಡಿಯೋ ಟೈಮು, ಆಲೆಮನೆಗೆ ಲೋಡ್ ಹೊಡೀಬೇಕು. ಮೆಕ್ಯಾನಿಕ್ ಬಂದು ಕಿವಿಗೊಟ್ಟು ಕೇಳಿ "ಹಂಟಿಂಗ್ ಸಾರ್, ಗವರ್ನರ್ ಹೋಗಿದೆ, ಪಂಪ್ ಕಳಿಸಿ" ಅಂದ. ಹಂಗೆ ತಾನಾಗೇ ಏರಿ ಇಳಿಯೋದಕ್ಕೇ ಹಂಟಿಂಗ್ ಅನ್ನೋದು. ಗವರ್ನರ್ ಪಂಪಿನ ಬೆನ್ನಿಗೇ ಅಂಟ್ಕೊಂಡಿರೋದಲ್ವಾ, ಸರಿ ಅಂತ ಪಂಪ್ ಇಳಿಸಿ ಕಳಿಸ್ದೆ. ಅಲ್ಲೇ ನಾನು ಕೆಟ್ಟಿದ್ದು.

ಯಾಕೆ ಅಂತ ಸ್ವಲ್ಪ ಉದ್ದಕ್ಕೇ ಹೇಳ್ತೀನಿ, ಬೇಜಾರ್ ಮಾಡ್ಕೋಬೇಡಿ. ನಮ್ಮ ಗಾಡೀಲಿದ್ದಿದ್ದು ನ್ಯೂಮ್ಯಾಟಿಕ್ ಗವರ್ನರ್, ಅಂದ್ರೆ ಗಾಳಿ ಎಳೆತದಲ್ಲಿ ಕೆಲಸ ಮಾಡೋದು, ಮೆಕ್ಯಾನಿಕಲ್ ಗವರ್ನರಲ್ಲಿರೋ ಹಂಗೆ ಒಳಗೆ ತಿರುಗೋ ತೂಕ ಗೀಕ ಏನೂ ಇಲ್ಲ. ಆಕ್ಸಿಲರೇಟರ್ ಒತ್ತಿದ್ರೆ ಅದು ಪಂಪಿಗೆ ಹೋಗಲ್ಲ, ಇನ್‌ಟೇಕ್ ಮ್ಯಾನಿಫೋಲ್ಡ್ (ಇಂಜಿನ್ನಿಗೆ ಗಾಳಿ ಹೋಗೋ ಕೊಳವೆ) ಬಾಯಲ್ಲಿರೋ ಬಟರ್‌ಫ್ಲೈ ವಾಲ್ವ್ ತಿರುಗಿಸ್ತದೆ. ಅಲ್ಲಿಂದ ಸಣ್ಣದೊಂದು ವ್ಯಾಕ್ಯೂಮ್ ಪೈಪ್ ಪಂಪಿನ ಹಿಂದಿನ ಡಬ್ಬಿಗೆ ಬರ್ತದೆ, ಡಬ್ಬಿ ಒಳಗೆ ಚರ್ಮದ ಪರದೆ, ಅಂದ್ರೆ ಡಯಾಫ್ರಾಮ್, ಜೊತೆಗೆ ಒಂದು ಸ್ಪ್ರಿಂಗ್. ಸ್ಪ್ರಿಂಗ್ ಯಾವಾಗ್ಲೂ ಪಂಪಲ್ಲಿ ಡೀಸೆಲ್ ಹೆಚ್ಚು ಕಮ್ಮಿ ಮಾಡೋ ರ‍್ಯಾಕನ್ನ ಫುಲ್ ಡೀಸೆಲ್ ಕಡೆಗೆ ತಳ್ತಾ ಇರ್ತದೆ, ವ್ಯಾಕ್ಯೂಮ್ ಅದನ್ನ ಹಿಂದಕ್ಕೆ ಎಳ್ಕೊಂಡಿರ್ತದೆ. ಎಲ್ಲಾದ್ರೂ ಗಾಳಿ ಲೀಕ್ ಇದ್ರೆ ಎಳೆತ ಸಾಲದೆ ರೇಸ್ ಏರ್ತದೆ, ರೇಸ್ ಏರಿದ್ಮೇಲೆ ಎಳೆತ ಜಾಸ್ತಿ ಆಗಿ ಇಳೀತದೆ, ಮತ್ತೆ ಮೊದಲಿಂದ.

ಈಗ ನೋಡಿ ಮಜಾ. ಪಂಪ್ ಸರ್ವಿಸ್‌ನವರು ಪಂಪನ್ನ ಟೆಸ್ಟ್ ಬೆಂಚ್ ಮೇಲೆ ಕೂರಿಸಿ ಅವರದೇ ಪೈಪಿಂದ ವ್ಯಾಕ್ಯೂಮ್ ಕೊಟ್ಟು ನೋಡ್ತಾರೆ. ನನ್ನ ಪೈಪು? ಅದು ಮನೇಲಿ ಗಾಡಿಗೇ ನೇತಾಡ್ತಿತ್ತು. ಬೆಂಚ್ ಮೇಲೆ ಎಲ್ಲಾ ಓಕೆ, ಆದ್ರೂ ಬಿಚ್ಚಿದ್ಮೇಲೆ ಸುಮ್ನೆ ಬಿಡ್ತಾರಾ, ಎಲಿಮೆಂಟ್ (ಪಂಪ್ ಒಳಗೆ ಡೀಸೆಲ್ ಒತ್ತೋ ಭಾಗ) ಹೊಸದು, ಕ್ಯಾಲಿಬ್ರೇಷನ್ನು, ಬಿಲ್ಲು. ವಾಪಸ್ ಕೂರಿಸ್ವಾಗ ಟೈಮಿಂಗ್ ತಪ್ಪಿ ಸ್ಟಾರ್ಟಿಂಗೂ ಕಷ್ಟ ಆಯ್ತು, ಹಂಟಿಂಗ್ ಹಂಗೇ ಇತ್ತು. ಅಷ್ಟರಲ್ಲಿ ಕಬ್ಬಿನ ಬಾಡಿಗೆಯೆಲ್ಲಾ ಬೇರೆಯವರ ಪಾಲು.

ಕೊನೆಗೆ ಸಿಕ್ಕಿದ್ದು ಆ ಪೈಪಿನ ತುದೀಲಿರೋ ರಬ್ಬರ್ ಜಾಯಿಂಟಲ್ಲಿ. ಕ್ಲಿಪ್ಪಿನ ಕೆಳಗೆ, ಇಂಜಿನ್ ಕಡೆ ತಿರುಗಿದ್ದ ಭಾಗದಲ್ಲಿ ರಬ್ಬರ್ ಕಾದು ಕಾದು ಗಟ್ಟಿಯಾಗಿ ಸೀಳಿತ್ತು. ಮೇಲಿಂದ ನೋಡಿದ್ರೆ ಜಿಡ್ಡು ಹಿಡ್ಕೊಂಡು ಚೆನ್ನಾಗೇ ಕಾಣೋದು, ಬೆರಳಲ್ಲಿ ಬಗ್ಗಿಸಿದ್ರೆ ಮಾತ್ರ ಬಾಯಿ ಬಿಡ್ತಿತ್ತು.

ಹಂಗಾಗಿ ನೀವು ಮೊದಲು ಆ ಪೈಪ್ ಪೂರ್ತಿ ಬಗ್ಗಿಸಿ ತಿರುಗಿಸಿ ನೋಡಿ, ಆಮೇಲೆ ಡಯಾಫ್ರಾಮ್. ಇಂಜಿನ್ ಆಫ್ ಇರ್ಬೇಕು. ಡಬ್ಬಿ ಕಡೆ ಪೈಪ್ ಬಿಚ್ಚಿ, ಇಂಜಿನ್ ನಿಲ್ಸೋ ಸ್ಟಾಪ್ ಲಿವರ್ ಪೂರ್ತಿ ಎಳೆದು ಹಿಡ್ಕೊಂಡು, ಪೈಪ್ ಕೂರೋ ತೂತನ್ನ ಒದ್ದೆ ಹೆಬ್ಬೆರಳಲ್ಲಿ ಬಿಗಿಯಾಗಿ ಮುಚ್ಚಿ ಲಿವರ್ ಬಿಡಿ. ಸ್ವಲ್ಪ ಜರುಗಿ ತಡೆದು ತಡೆದು ನಿಧಾನಕ್ಕೆ ವಾಪಸ್ ಬಂದ್ರೆ ಡಯಾಫ್ರಾಮ್ ಚೆನ್ನಾಗಿದೆ, ಸರಕ್ಕಂತ ವಾಪಸ್ ಹೋದ್ರೆ ತೂತಾಗಿದೆ ಇಲ್ಲಾ ಒಣಗಿದೆ. ಒಣಗಿದ ಚರ್ಮಕ್ಕೆ ದನದ ಕಾಲಿಂದ ತೆಗೆಯೋ ಎಣ್ಣೆ ಹಚ್ಚಿ ಅಂತ ಹಳೇ ಇಂಗ್ಲಿಷ್ ಮ್ಯಾನ್ಯುಯಲ್‌ಗಳಲ್ಲಿದೆ, ಎತ್ತು ಮಾರಿ ಟ್ರ್ಯಾಕ್ಟರ್ ತಂದೋರಿಗೆ ಸರಿಯಾಗೇ ಹೇಳಿದ್ದಾರೆ! ನನ್ನ ಕೇಳಿದ್ರೆ ಹೊಸ ಡಯಾಫ್ರಾಮೇ ಹಾಕ್ಸಿ. ಅದೂ ಸರಿ ಇದ್ರೆ ಬಟರ್‌ಫ್ಲೈ ಸ್ಪಿಂಡಲ್ ಸವೆದು ಅಲ್ಲಾಡ್ತಿದೆಯಾ ನೋಡಿ, ಅಲ್ಲಿಂದಾನೂ ಗಾಳಿ ಎಳೀತದೆ. ತಾಳ ಇಲ್ದೆ ಮುಗ್ಗರಿಸಿ ಮುಗ್ಗರಿಸಿ ಆಫ್ ಆಗ್ತಿದ್ರೆ ಅದು ಡೀಸೆಲ್ ಲೈನಲ್ಲಿ ಏರ್, ಬೇರೆ ಕಾಯಿಲೆ.

ಡಬ್ಬಿ ಹಿಂದೆ ಒಂದು ಸ್ಕ್ರೂ ಇರ್ತದೆ, ಅದನ್ನ ಒಳಗೆ ತಿರುಗಿಸಿ ಹಂಟಿಂಗ್ ನಿಲ್ಸಿ ಕೊಡ್ತೀನಿ ಅನ್ನೋರು ಬರ್ತಾರೆ. ಮುಟ್ಟೋಕೆ ಬಿಡ್ಬೇಡಿ. ಜಾಸ್ತಿ ಒಳಗೆ ಹೋದ್ರೆ ನಿಂತಾಗ ಸೈಲೆಂಟಾಗಿರ್ತದೆ, ಆದ್ರೆ ಓಡಿಸ್ವಾಗ ಆಕ್ಸಿಲರೇಟರ್ ಬಿಟ್ರೂ ರೇಸ್ ಇಳಿಯಲ್ಲ, ಲೋಡ್ ಟ್ರೈಲರ್ ಇಟ್ಕೊಂಡು ಇಳಿಜಾರಲ್ಲಿ ಏನ್ ಮಾಡ್ತೀರಾ? ಇನ್ನೊಂದು, ಇಂಜಿನ್ ಓಡ್ತಿರುವಾಗ ಆ ಪೈಪ್ ಬಿಚ್ಚಿ "ಚೆಕ್" ಮಾಡೋಕೆ ಹೋಗ್ಲೇಬೇಡಿ, ಎಳೆತ ಪೂರ್ತಿ ಹೋಗಿ ಫುಲ್ ಡೀಸೆಲ್ ಕುಡಿದು ಇಂಜಿನ್ ಕೈ ಮೀರ್ತದೆ. ಹಂಗೇನಾದ್ರೂ ಆದ್ರೆ ಸ್ಟಾಪ್ ಎಳೀರಿ, ಅದಕ್ಕೂ ನಿಲ್ಲದಿದ್ರೆ ಗಾಳಿ ಎಳೆಯೋ ಬಾಯಿಗೆ ಹಲಗೆ ಅದುಮಿ, ಕೈ ಕೊಡ್ಬೇಡಿ.

ಮೆಕ್ಯಾನಿಕಲ್ ಗವರ್ನರ್ ಹಾಕ್ಸೋಕೆ ಪಂಪೇ ಬೇರೆ ಬೇಕು, ಲಿಂಕೇಜೂ ಬದಲಾಯಿಸ್ಬೇಕು, ಸಣ್ಣ ರಬ್ಬರ್ ತುಂಡಿಗೋಸ್ಕರ ಅಷ್ಟು ದುಡ್ಡು ಯಾಕೆ ಸುರೀತೀರಾ. ಹೆಬ್ಬೆರಳು ಟೆಸ್ಟಲ್ಲಿ ಏನಾಯ್ತು ಅಂತ ಹೇಳಿ, ಮುಂದಿಂದು ಆಮೇಲೆ ನೋಡೋಣ.